ದೊಡ್ಡ ಕಲ್ಲು, ದೂರದ ಆಸ್ಪತ್ರೆ: ಆಕ್ಷೇಪಗಳಿಗೆ ಪ್ರತ್ಯುತ್ತರ

ಈ ಸಲದ ಕಾಫಿ ಕುಯ್ಲು ಮುಗಿದ ಮೇಲೆ ಮೂಡಿಗೆರೆಯಲ್ಲಿ ಬೆಳೆಗಾರರು ಸೇರಿದ್ದ ಸಭೆಯೊಂದಕ್ಕೆ, ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದರು. ನಾನು ಆರಿಸಿಕೊಂಡದ್ದು ಕಿಡ್ನಿ ಕಲ್ಲಿನ ವಿಷಯ. ಕಿಡ್ನಿಯೊಳಗಿನ ಕಲ್ಲು ಎರಡು ಸೆಂಟಿಮೀಟರ್ ದಾಟಿದ್ದರೆ, ಬೇರೆ ಅಡ್ಡಿ ಇಲ್ಲದಿದ್ದರೆ, ಬೆನ್ನ ಕಡೆಯಿಂದ ಸಣ್ಣ ದಾರಿ ಮಾಡಿ ಕಲ್ಲನ್ನು ಅಲ್ಲೇ ಒಡೆದು ಚೂರುಗಳನ್ನು ಹೊರಗೆ ತೆಗೆಯುವ ಪಿ.ಸಿ.ಎನ್.ಎಲ್. ಎಂಬ ಶಸ್ತ್ರಚಿಕಿತ್ಸೆಯನ್ನೇ ಮೊದಲು ಕೇಳಿ ಎಂದೆ. ಹೊರಗಿನಿಂದ ಯಂತ್ರ ಇಟ್ಟು ಒಡೆಯುವುದು, ಮೂತ್ರದ ದಾರಿಯಲ್ಲಿ ಲೇಸರ್ ಕಳಿಸಿ ಪುಡಿ ಮಾಡುವುದು, ಎರಡೂ ಒಳ್ಳೆಯ ವಿಧಾನಗಳೇ. ಆದರೆ ಅಷ್ಟು ದೊಡ್ಡ ಕಲ್ಲಿಗೆ, ಅದರಲ್ಲೂ ನಮ್ಮಂಥ ಗುಡ್ಡದೂರಿನವರಿಗೆ, ಅವು ಮೊದಲ ಆಯ್ಕೆಯಾಗಬಾರದು ಎಂದೂ ಹೇಳಿದೆ.

ಅಂದಿನಿಂದ ಪತ್ರ, ಫೋನು, ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತು ವಾದ. ನಿವೃತ್ತ ಎಸ್ಟೇಟ್ ಮ್ಯಾನೇಜರೊಬ್ಬರು ಎರಡು ಹಾಳೆ ತುಂಬ ಬರೆದು ಕಳಿಸಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಬೆಳೆಗಾರರ ಮಗನೊಬ್ಬ ನನ್ನದು ಹಳೇ ಕಾಲದ ವೈದ್ಯ ಎಂದ. ಕಳಸದ ಕಡೆಯ ನಾಟಿ ವೈದ್ಯರೊಬ್ಬರು ನೊಂದುಕೊಂಡರು. ಅವರನ್ನು ನಾನು ಗೌರವಿಸುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕಿರಿಯ ವೈದ್ಯೆಯೊಬ್ಬರು ಎತ್ತಿದ ಪ್ರಶ್ನೆಯಂತೂ ಎರಡು ರಾತ್ರಿ ನನ್ನನ್ನು ಬಿಡಲಿಲ್ಲ. ಎಲ್ಲರಿಗೂ ಇಲ್ಲೇ ಉತ್ತರ ಕೊಡುತ್ತೇನೆ.

ಮೊದಲು, "ಡಾಕ್ಟರರಿಗೆ ಕಮಿಷನ್ ಸಿಗುತ್ತದೆ, ಅದಕ್ಕೇ ಆಪರೇಷನ್ ಅನ್ನುತ್ತಾರೆ" ಎಂಬ ಮಾತು. ನಾನು ಯುರಾಲಜಿಸ್ಟ್ ಅಲ್ಲ, ಕತ್ತರಿ ಹಿಡಿಯುವವನೂ ಅಲ್ಲ. ಜ್ವರ, ಕೆಮ್ಮು, ಹಾವಿನ ಕಡಿತ, ರಾತ್ರಿ ಹನ್ನೊಂದಕ್ಕೆ ಪಿಕಪ್ಪಿನಲ್ಲಿ ಮಲಗಿಸಿಕೊಂಡು ಬರುವ ಪಕ್ಕೆನೋವು, ಇವನ್ನು ನೋಡುತ್ತ ಈ ಗುಡ್ಡಗಳಲ್ಲೇ ತಲೆ ನರೆಸಿಕೊಂಡವನು. ಯಾವ ಆಸ್ಪತ್ರೆಯ ಹೆಸರನ್ನೂ ನಾನು ಆ ಸಭೆಯಲ್ಲಿ ಹೇಳಲಿಲ್ಲ, ಈಗಲೂ ಇಂಥಲ್ಲಿಗೇ ಹೋಗಿ ಎಂದು ಹೇಳುವುದಿಲ್ಲ. ಆ ಆಕ್ಷೇಪಕ್ಕೆ ಇಷ್ಟು ಸಾಕು.

ಇನ್ನು ಗಾತ್ರದ ವಿಷಯ. ಇದನ್ನು ಸರಿಯಾಗಿ ತಿಳಿದುಕೊಳ್ಳದೆ ವಾದ ಮಾಡಿ ಫಲವಿಲ್ಲ. ಎರಡು ಸೆಂಟಿಮೀಟರ್ ಎಂದರೆ ಚೆನ್ನಾಗಿ ತುಂಬಿಕೊಂಡ ಅರೇಬಿಕಾ ಹಣ್ಣಿಗಿಂತ ದೊಡ್ಡದು. ಒಂದು ಸೆಂಟಿಮೀಟರಿನ ಕಲ್ಲಿಗೂ ಎರಡು ಸೆಂಟಿಮೀಟರಿನ ಕಲ್ಲಿಗೂ ಒಂದಕ್ಕೆರಡರ ವ್ಯತ್ಯಾಸ ಎಂದುಕೊಳ್ಳುತ್ತಾರೆ. ಉಂಡೆಯ ಅಗಲ ಎರಡರಷ್ಟಾದರೆ ಅದರೊಳಗಿನ ಸರಕು ಎಂಟರಷ್ಟಾಗುತ್ತದೆ. ಅಂದರೆ ಒಡೆಯಬೇಕಾದದ್ದು ಎಂಟು ಪಟ್ಟು, ಹೊರಗೆ ಸಾಗಿಸಬೇಕಾದ ಪುಡಿ ಎಂಟು ಪಟ್ಟು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದ ಒಳದಾರಿಯೋ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ಯುರೋಪಿನ ಯುರಾಲಜಿ ಸಂಘವೂ ಅಮೆರಿಕದ ಯುರಾಲಜಿ ಸಂಘವೂ ತಮ್ಮ ಮಾರ್ಗಸೂಚಿಗಳಲ್ಲಿ ಎರಡು ಸೆಂಟಿಮೀಟರಿಗೆ ಗೆರೆ ಎಳೆದು, ಅದಕ್ಕಿಂತ ದೊಡ್ಡ ಕಿಡ್ನಿ ಕಲ್ಲಿಗೆ ಪಿ.ಸಿ.ಎನ್.ಎಲ್. ಮೊದಲ ಆಯ್ಕೆ ಎಂದು ಬರೆದಿರುವುದರ ಹಿಂದೆ ಈ ಲೆಕ್ಕವೂ ಇದೆ.

ಮ್ಯಾನೇಜರರ ಆಕ್ಷೇಪ: "ಕತ್ತರಿ ತಾಗಿಸದೆ, ಚರ್ಮಕ್ಕೆ ಗೀರೂ ಬೀಳದೆ ಯಂತ್ರದಲ್ಲೇ ಕಲ್ಲು ಪುಡಿಯಾಗುವಾಗ ಬೆನ್ನಿಗೆ ತೂತು ಯಾಕೆ?"

ಆ ಯಂತ್ರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಕಂಪನಿಯವರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಮೈಗೆ ಮಳೆಹನಿ ಬಡಿದಾಗ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದಾಗ ಆಘಾತ ತರಂಗಗಳ ಶಕ್ತಿ ಅವರ ಗಮನಕ್ಕೆ ಬಂತು. ಅದನ್ನು ಹಿಡಿದು ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಶಾಸಿ ಮತ್ತು ಅವರ ಸಂಗಡಿಗರು 1980ರ ಫೆಬ್ರವರಿ 7ರಂದು ಮೊದಲ ರೋಗಿಯ ಕಿಡ್ನಿ ಕಲ್ಲನ್ನು ಹೊರಗಿನಿಂದಲೇ ಒಡೆದರು. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಹೊಟ್ಟೆ ಸೀಳಿ ಕಲ್ಲು ತೆಗೆಯುತ್ತಿದ್ದ ಕಾಲದಲ್ಲಿ ಅದು ನಿಜಕ್ಕೂ ದೊಡ್ಡ ಬಿಡುಗಡೆ. ಇಂದಿಗೂ ಒಂದು ಸೆಂಟಿಮೀಟರಿನೊಳಗಿನ ಕಲ್ಲು, ಅಷ್ಟು ಗಟ್ಟಿಯಲ್ಲದ್ದು, ಕಿಡ್ನಿಯ ಮೇಲಿನ ಅಥವಾ ನಡುವಿನ ಭಾಗದಲ್ಲಿದ್ದರೆ ನಾನೇ ಅದಕ್ಕೆ ಚೀಟಿ ಬರೆದು ಕಳಿಸುತ್ತೇನೆ.

ಆದರೆ ಯಂತ್ರ ಕಲ್ಲನ್ನು ಒಡೆಯುತ್ತದೆ, ಹೊರಗೆ ತೆಗೆಯುವುದಿಲ್ಲ. ತೆಗೆಯುವ ಕೆಲಸ ಮೂತ್ರದ ಪಾಲಿಗೆ ಬಿಟ್ಟದ್ದು. ಕಿಡ್ನಿಯ ಕೆಳಗಿನ ಬಟ್ಟಲಲ್ಲಿ ಕಲ್ಲಿದ್ದರೆ ಪುಡಿ ಮೇಲಕ್ಕೆ ಹತ್ತಿ ಬರಬೇಕು, ಅದು ಅಲ್ಲೇ ಕೂತುಬಿಡುತ್ತದೆ. ಮೂರು ಸೆಂಟಿಮೀಟರಿನವರೆಗಿನ ಇಂಥ ಕೆಳಬಟ್ಟಲಿನ ಕಲ್ಲಿನವರನ್ನೇ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಅಮೆರಿಕದಲ್ಲಿ ಅಧ್ಯಯನ ಮಾಡಿದ್ದರು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಪಿ.ಸಿ.ಎನ್.ಎಲ್. ಆದವರಲ್ಲಿ ನೂರಕ್ಕೆ 95 ಮಂದಿಯ ಕಲ್ಲು ಪೂರ್ತಿ ಹೋಗಿತ್ತು, ಆಘಾತ ತರಂಗದ ಗುಂಪಿನಲ್ಲಿ ನೂರಕ್ಕೆ 37. ಕಲ್ಲಿನ ಗಟ್ಟಿತನದ ಮಾತೂ ಇದೆ. ಸಿ.ಟಿ. ಸ್ಕ್ಯಾನಿನ ವರದಿಯಲ್ಲಿ ಹೌನ್ಸ್‌ಫೀಲ್ಡ್ ಎಂಬ ಅಳತೆ ಬರೆದಿರುತ್ತಾರೆ. ಅದು ಸಾವಿರ ದಾಟಿದ್ದರೆ ಯಂತ್ರದ ಏಟಿಗೆ ಕಲ್ಲು ಸುಲಭಕ್ಕೆ ಬಗ್ಗುವುದಿಲ್ಲ.

ಇಲ್ಲಿ ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು. ನನ್ನ ಅಕ್ಕನ ಗಂಡ ಕಳಸದಿಂದ ಇನ್ನೂ ಒಳಗೆ ತೋಟ ಮಾಡಿಕೊಂಡಿರುವವರು. ಬಲಗಿಡ್ನಿಯಲ್ಲಿ ಎರಡೂವರೆ ಸೆಂಟಿಮೀಟರ್ ದಾಟಿದ ಕಲ್ಲು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಯಂತ್ರದಲ್ಲೇ ಒಡೆಯೋಣ ಎಂದರು. "ಕತ್ತರಿ ಮುಟ್ಟಿಸದೆ ಆಗುತ್ತಂತಲ್ಲ ಮಾರಾಯ, ಅದೇ ಸಾಕು" ಎಂದರು ಭಾವ. ನಾನು ಬೇಡ ಎಂದು ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಮೊದಲ ಸಲ ಒಡೆದಾಗ ಕಲ್ಲು ಎರಡು ಹೋಳಾಯಿತು. ಎರಡನೇ ಸಲ ಇನ್ನಷ್ಟು ಚೂರಾಯಿತು. ಆ ಚೂರುಗಳು ಮೂತ್ರನಾಳಕ್ಕೆ ಇಳಿದು ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತವು. ಜರ್ಮನರು ಇದಕ್ಕೆ ಕಲ್ಲುಬೀದಿ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ, ಅಷ್ಟು ಸಾಮಾನ್ಯವಾದ ತೊಂದರೆ ಅದು. ಮೂತ್ರ ಹಿಂದಕ್ಕೆ ನಿಂತಿತು, ಸೋಂಕು ಏರಿತು. ಶ್ರಾವಣದ ಒಂದು ರಾತ್ರಿ ಹಲ್ಲು ಕಟಕಟ ಎನ್ನುವ ಚಳಿಜ್ವರ. ದಾರಿಗೆ ಮರ ಬಿದ್ದಿತ್ತು. ಅದನ್ನು ಕಡಿದು ಜೀಪು ದಾಟಿಸುವ ಹೊತ್ತಿಗೆ ಬೆಳಕು ಹರಿಯಿತು. ಅಂದು ಮೂತ್ರನಾಳಕ್ಕೆ ಸ್ಟೆಂಟ್ ಎಂಬ ಕೊಳವೆ ಹಾಕಿ ಜೀವ ಉಳಿಸಿದರು. ಕೊನೆಗೆ ಉಳಿದ ಕಲ್ಲನ್ನು ಬೇರೊಂದು ಕಡೆ ಪಿ.ಸಿ.ಎನ್.ಎಲ್. ಮಾಡಿಯೇ ತೆಗೆದದ್ದು. ಮೂರನೇ ದಿನ ಅವರು ನಡೆದಾಡುತ್ತಿದ್ದರು. ಅಷ್ಟರೊಳಗೆ ಒಂದು ಕಲ್ಲಿಗಾಗಿ ಏಳು ಸಲ ಘಾಟಿ ಇಳಿದು ಹತ್ತಿದ್ದರು.

ಒಬ್ಬರ ಕಥೆಯಿಂದ ಸಿದ್ಧಾಂತ ಮಾಡಬಾರದು ಎಂದು ಮ್ಯಾನೇಜರರು ಹೇಳಬಹುದು, ಒಪ್ಪುತ್ತೇನೆ. ಅದಕ್ಕೇ ಮೇಲೆ ಅಧ್ಯಯನದ ಅಂಕಿ ಕೊಟ್ಟಿರುವುದು. ಭಾವನ ಕಥೆ ಹೇಳಿದ್ದು ಆ ಅಂಕಿಯಲ್ಲಿ ಕಾಣದ ಒಂದಕ್ಕಾಗಿ. ನಗರದವನಿಗೆ ಇನ್ನೊಂದು ಸಿಟ್ಟಿಂಗ್ ಎಂದರೆ ಅರ್ಧ ದಿನದ ರಜೆ. ಹಿರೇಬೈಲಿನವನಿಗೆ, ಸಂಸೆಯವನಿಗೆ ಅದು ಎರಡು ದಿನದ ಕೂಲಿ, ಬಾಡಿಗೆ ವಾಹನ, ಜೊತೆಗೆ ಬರುವ ಇನ್ನೊಬ್ಬರ ಕೂಲಿ. ಎಷ್ಟು ಸಲ ಹೋಗಿ ಬರಬೇಕು ಎಂಬುದನ್ನೂ ಚಿಕಿತ್ಸೆಯ ಲೆಕ್ಕದೊಳಗೇ ಸೇರಿಸಬೇಕು ಎನ್ನುವುದು ನನ್ನ ವಾದದ ಬೇರು.

ಬೆಂಗಳೂರಿನ ಹುಡುಗನ ಆಕ್ಷೇಪ: "ಈಗ ಲೇಸರ್ ಕಾಲ. ತೂತಿಲ್ಲ, ಗಾಯವಿಲ್ಲ, ಮಾರನೇ ದಿನ ಮನೆಗೆ."

ಅವನು ಹೇಳುತ್ತಿರುವುದು ಆರ್.ಐ.ಆರ್.ಎಸ್. ಎಂಬ ವಿಧಾನ. ಬಾಗುವ ಸಣ್ಣ ದುರ್ಬೀನನ್ನು ಮೂತ್ರದ್ವಾರದಿಂದ ಮೂತ್ರಕೋಶ, ಮೂತ್ರನಾಳ ದಾಟಿಸಿ ಕಿಡ್ನಿಯವರೆಗೆ ಒಯ್ದು, ಕೂದಲೆಳೆಯಂಥ ತಂತುವಿನಿಂದ ಲೇಸರ್ ಹಾಯಿಸಿ ಕಲ್ಲನ್ನು ಧೂಳು ಮಾಡುತ್ತಾರೆ. ಹೋಲ್ಮಿಯಂ ಲೇಸರ್ ಬಹಳ ವರ್ಷದಿಂದ ಇದೆ, ಈಚೆಗೆ ಥೂಲಿಯಂ ಫೈಬರ್ ಲೇಸರ್ ಬಂದಿದೆ, ಅದರ ಧೂಳು ಇನ್ನೂ ನಯ. ಧೂಳನ್ನು ಹೀರಿ ತೆಗೆಯುವ ಹೊಸ ಕೊಳವೆಗಳೂ ಬಂದಿವೆ. ಇವೆಲ್ಲ ನಿಜ. ಒಂದರಿಂದ ಎರಡು ಸೆಂಟಿಮೀಟರಿನ ಕಲ್ಲಿಗೆ ಇದು ಬಹಳ ಒಳ್ಳೆಯ ದಾರಿ. ರಕ್ತ ತಿಳಿಯಾಗುವ ಮಾತ್ರೆಯನ್ನು ನಿಲ್ಲಿಸಲಾಗದ ಹೃದ್ರೋಗಿಗೆ, ಬೆನ್ನುಮೂಳೆ ತೀರಾ ಸೊಟ್ಟಗಿರುವವರಿಗೆ ಕಲ್ಲು ಅದಕ್ಕಿಂತ ದೊಡ್ಡದಿದ್ದರೂ ಇದೇ ಸರಿ. ನಾನು "ಬೇರೆ ಅಡ್ಡಿ ಇಲ್ಲದಿದ್ದರೆ" ಎಂದದ್ದು ಇವರನ್ನು ನೆನೆದೇ.

ಆದರೆ ದೊಡ್ಡ ಕಲ್ಲಿಗೆ? ಎರಡು ಸೆಂಟಿಮೀಟರ್ ಮೀರಿದ ಕಲ್ಲುಗಳಿಗೆ ಹೀಗೆ ಲೇಸರ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ಒಂದು ಲೆಕ್ಕ ಬಂತು. ನೂರಕ್ಕೆ 93ಕ್ಕಿಂತ ಹೆಚ್ಚು ಮಂದಿಯ ಕಲ್ಲು ಹೋಗಿತ್ತು. ಅವನು ನನಗೆ ಕಳಿಸಿದ್ದು ಈ ಅರ್ಧವನ್ನು. ಉಳಿದರ್ಧ ಹೀಗಿದೆ: ಆ ಫಲಕ್ಕೆ ರೋಗಿಯೊಬ್ಬರಿಗೆ ಸರಾಸರಿ 1.6 ಸಲ ಶಸ್ತ್ರಚಿಕಿತ್ಸೆ ಬೇಕಾಗಿತ್ತು. ಅಂದರೆ ಹತ್ತು ಜನಕ್ಕೆ ಹದಿನಾರು ಸಲ ಅರಿವಳಿಕೆ, ಹದಿನಾರು ಸಲ ಆಸ್ಪತ್ರೆ. ದೊಡ್ಡ ಕಲ್ಲನ್ನು ಧೂಳು ಮಾಡಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನುದ್ದಕ್ಕೂ ಒಳಗೆ ನೀರು ಹಾಯಿಸುತ್ತಲೇ ಇರಬೇಕು. ಒತ್ತಡ ಏರಿ, ಕಲ್ಲಿನೊಳಗೆ ಅಡಗಿದ್ದ ಸೋಂಕು ರಕ್ತಕ್ಕೆ ನುಗ್ಗುವ ಅಪಾಯ ಹೊತ್ತಿನ ಜೊತೆಗೆ ಬೆಳೆಯುತ್ತದೆ. ಗಾಯ ಕಾಣುವುದಿಲ್ಲ ಎಂದಮಾತ್ರಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಎಂದುಕೊಳ್ಳಬೇಡ ಮಗು. ಹೀರುವ ಕೊಳವೆಗಳಿಂದ ನಾಳೆ ಈ ಲೆಕ್ಕ ಬದಲಾದರೆ ನನ್ನ ಮಾತನ್ನು ನಾನೇ ತಿದ್ದಿಕೊಳ್ಳುತ್ತೇನೆ.

ಊರಲ್ಲಿ ಎಲ್ಲರ ಬಾಯಲ್ಲಿರುವ ಆಕ್ಷೇಪ: "ಕಿಡ್ನಿಗೆ ತೂತು ಕೊರೆದರೆ ಕಿಡ್ನಿಯೇ ಹೋಗುತ್ತದೆ."

ಈ ಹೆದರಿಕೆಯಿಂದಲೇ ಜನ ವರ್ಷಗಟ್ಟಲೆ ಕಲ್ಲು ಇಟ್ಟುಕೊಂಡು ಕೂರುತ್ತಾರೆ. ಆದ್ದರಿಂದ ಏನು ಮಾಡುತ್ತಾರೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಬೋರಲು ಮಲಗಿಸಿ, ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಪಕ್ಕೆಯ ಹಿಂಬದಿಯಿಂದ ಸೂಜಿ ಹಾಕಿ ಕಲ್ಲಿರುವ ಬಟ್ಟಲನ್ನು ಮುಟ್ಟುತ್ತಾರೆ. ಸೂಜಿಯೊಳಗಿಂದ ತಂತಿ ಇಳಿಸಿ, ಆ ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ತೂರಿಸಿ ದಾರಿಯನ್ನು ಅಗಲ ಮಾಡುತ್ತಾರೆ. ಇಲ್ಲಿ ಮಾಂಸವನ್ನು ಕಡಿದು ತೆಗೆಯುವುದಿಲ್ಲ, ಬದಿಗೆ ಸರಿಸುತ್ತಾರೆ. ಕಲ್ಲು ತೆಗೆದು ಕೊಳವೆ ಎಳೆದ ಮೇಲೆ ಅದು ಮತ್ತೆ ಕೂಡಿಕೊಳ್ಳುತ್ತದೆ, ಒಳಗೆ ಉಳಿಯುವುದು ಒಂದು ಸಣ್ಣ ಗೆರೆಯಂಥ ಕಲೆ. ಸ್ಟಾಕ್‌ಹೋಮಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಹೀಗೆ ದಾರಿ ಮಾಡಿ ಕಲ್ಲು ತೆಗೆದ ವರದಿ ಪ್ರಕಟಿಸಿದ್ದು 1976ರಲ್ಲಿ. ಅರ್ಧ ಶತಮಾನದ ಅನುಭವ ಇದರ ಹಿಂದಿದೆ. ನಮ್ಮ ದೇಶದ ಪಾಲೂ ಇದರಲ್ಲಿ ಸಣ್ಣದಲ್ಲ. ದಾರಿಯನ್ನು ಇನ್ನೂ ಇನ್ನೂ ಕಿರಿದು ಮಾಡುವ ಕೆಲಸದಲ್ಲಿ ಗುಜರಾತಿನ ನಡಿಯಾದ್‌ನ ಮೂಳ್ಜಿಭಾಯಿ ಪಟೇಲ್ ಯುರಾಲಜಿ ಆಸ್ಪತ್ರೆಯ ಹೆಸರು ಜಗತ್ತಿನ ಯುರಾಲಜಿಸ್ಟರಿಗೆಲ್ಲ ಗೊತ್ತು.

ದಾರಿಯ ಅಗಲವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಸೇರಿದರೆ ಒಂದು ಮಿಲಿಮೀಟರ್. ಹಳೆಯ ರೀತಿಯಲ್ಲಿ 30 ಫ್ರೆಂಚ್, ಅಂದರೆ ಒಂದು ಸೆಂಟಿಮೀಟರ್. ಈಗ ಮಿನಿ ಪಿ.ಸಿ.ಎನ್.ಎಲ್.ನಲ್ಲಿ 20 ಫ್ರೆಂಚಿಗಿಂತ ಕಡಿಮೆ. 15 ಫ್ರೆಂಚ್ ಎಂದರೆ ನಿಮ್ಮ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಒಂದು ಮೆಣಸಿನ ಕಾಳಿನಷ್ಟಗಲ.

ಕಿಡ್ನಿಯನ್ನು ನಿಜಕ್ಕೂ ಕೊಲ್ಲುವುದು ಒಳಗೇ ಬಿಟ್ಟ ಕಲ್ಲು. ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ಕಿಡ್ನಿಯ ಬಟ್ಟಲುಗಳನ್ನೆಲ್ಲ ತುಂಬುವ ಕಲ್ಲುಗಳಿವೆ. ಎಷ್ಟೋ ಸಲ ಅವು ನೋವನ್ನೇ ಕೊಡುವುದಿಲ್ಲ, ಆಗಾಗ ಉರಿಮೂತ್ರ, ಸಣ್ಣ ಜ್ವರ, ಅಷ್ಟೇ. 1976ರಲ್ಲೇ ಲಂಡನ್ನಿನ ಬ್ಲಾಂಡಿ ಮತ್ತು ಸಿಂಗ್ ಎಂಬ ವೈದ್ಯರು ಇಂಥ ಕಲ್ಲಿನವರನ್ನು ಹತ್ತು ವರ್ಷದ ಲೆಕ್ಕದಲ್ಲಿ ಹೋಲಿಸಿ ಬರೆದರು. ಶಸ್ತ್ರಚಿಕಿತ್ಸೆ ಮಾಡದೆ ಬಿಟ್ಟವರಲ್ಲಿ ಸತ್ತವರು ನೂರಕ್ಕೆ 28, ಮಾಡಿಸಿಕೊಂಡವರಲ್ಲಿ ನೂರಕ್ಕೆ 7.2. ಆಗಿನ್ನೂ ಹೊಟ್ಟೆ ಸೀಳಿಯೇ ತೆಗೆಯುತ್ತಿದ್ದ ಕಾಲ. ಅಂಥ ದೊಡ್ಡ ಗಾಯವೇ ಕಲ್ಲಿಗಿಂತ ಮೇಲು ಎಂದಾದ ಮೇಲೆ ಮೆಣಸಿನಕಾಳಿನಗಲದ ದಾರಿಗೆ ಹೆದರುವುದೇಕೆ?

ನಮ್ಮ ತೋಟಗಳ ಹೆಣ್ಣುಮಕ್ಕಳ ಬಗ್ಗೆ ಇಲ್ಲೇ ಹೇಳಬೇಕು. ಡಿಸೆಂಬರಿನಿಂದ ಫೆಬ್ರವರಿಯ ತನಕ ಬೆಳಗಿನಿಂದ ಸಂಜೆವರೆಗೆ ಹಣ್ಣು ಕುಯ್ಯುತ್ತಾರೆ. ತೋಟದೊಳಗೆ ಮೂತ್ರಕ್ಕೆ ಹೋಗಲು ಮರೆಯಿಲ್ಲ ಎಂದು ನೀರನ್ನೇ ಕುಡಿಯುವುದಿಲ್ಲ. ಹೀಗೆ ಕಟ್ಟಿಕೊಂಡ ಮೂತ್ರ, ಪದೇ ಪದೇ ಆಗುವ ಸೋಂಕು. ಜಿಂಕೆಕೊಂಬಿನ ಕಲ್ಲಿಗೆ ಕಾರಣವಾಗುವ ಸೋಂಕುಗಳು ಹೆಂಗಸರಲ್ಲೇ ಹೆಚ್ಚು. ಲೈನ್ ಮನೆಗಳಿಂದ ಬರುವ ಇಂಥವರಿಗೆ ಮೇಸ್ತ್ರಿಯೋ ರೈಟರೋ ಅಂಗಡಿಯಿಂದ ಮಾತ್ರೆ ತಂದುಕೊಟ್ಟು ಕೆಲಸಕ್ಕೆ ಕಳಿಸುತ್ತಾರೆ. ವರ್ಷದಲ್ಲಿ ಮೂರು ಸಲ ಉರಿಮೂತ್ರ ಎಂದವಳಿಗೆ ಒಂದು ಸ್ಕ್ಯಾನಿಂಗ್ ಮಾಡಿಸಿ. ಕುಯ್ಲಿನ ಜಾಗದ ಹತ್ತಿರ ನೀರಿನ ಕ್ಯಾನಿನ ಜೊತೆಗೆ ತಡಿಕೆ ಕಟ್ಟಿದ ಒಂದು ಶೌಚಾಲಯವೂ ಇರಲಿ.

ಈಗ ಕಿರಿಯ ವೈದ್ಯೆಯ ಪ್ರಶ್ನೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ. "ಸಾರ್, ದೂರವನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತೀರಿ. ಪಿ.ಸಿ.ಎನ್.ಎಲ್. ಆಗಿ ಮನೆಗೆ ಬಂದವನಿಗೆ ಎಂಟನೇ ದಿನ ರಕ್ತ ಸುರಿಯತೊಡಗಿದರೆ, ಘಾಟಿ ಮುಚ್ಚಿದ್ದರೆ, ನಿಮ್ಮ ದೂರದ ಲೆಕ್ಕ ನಿಮಗೇ ತಿರುಗಿಬೀಳುವುದಿಲ್ಲವೇ?"

ತಿರುಗಿಬೀಳುತ್ತದೆ. ಸಭೆಯಲ್ಲಿ ನಾನು ಇದನ್ನು ಹೇಳದೆ ಬಿಟ್ಟದ್ದು ತಪ್ಪು. ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತದಲ್ಲಿ ಐದನೇ ಒಂದರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎರಡು ಕಿಡ್ನಿಗಳ ಮೂಲಕವೇ ಹರಿಯುತ್ತದೆ. ಅಂಥ ಅಂಗದೊಳಗೆ ದಾರಿ ಮಾಡುವಾಗ ರಕ್ತದ ಅಪಾಯ ಇಲ್ಲ ಎಂದು ಯಾರು ಹೇಳಿದರೂ ಸುಳ್ಳು. 26 ದೇಶಗಳ 96 ಆಸ್ಪತ್ರೆಗಳಲ್ಲಿ ಪಿ.ಸಿ.ಎನ್.ಎಲ್. ಆದ 5,803 ರೋಗಿಗಳ ದೊಡ್ಡ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ರಕ್ತ ಕೊಡಬೇಕಾಗಿ ಬಂದದ್ದು ನೂರಕ್ಕೆ 5.7 ಮಂದಿಗೆ, ಜ್ವರ ಬಂದದ್ದು ನೂರಕ್ಕೆ 10.5 ಮಂದಿಗೆ. ಒಂದೇ ಸಲಕ್ಕೆ ಕಲ್ಲು ಪೂರ್ತಿ ಹೋದದ್ದು ನೂರಕ್ಕೆ 75.7 ಮಂದಿಗೆ. ಹಾಗಾಗಿ ಒಂದೇ ಪ್ರಯಾಣದಲ್ಲಿ ಎಲ್ಲರ ಕಲ್ಲೂ ಹೋಗುತ್ತದೆ ಎಂದು ನಾನೂ ಹೇಳಲಾರೆ. ಕವಲೊಡೆದ ಕಲ್ಲಿಗೆ ಕೆಲವೊಮ್ಮೆ ಎರಡು ದಾರಿ, ಎರಡು ಸಲ ಬೇಕಾಗುತ್ತದೆ.

ವೈದ್ಯೆ ಕೇಳಿದ ಎಂಟನೇ ದಿನದ ರಕ್ತ ಬೇರೆಯದು. ಸೂಜಿ ಹೋದಲ್ಲಿ ಸಣ್ಣ ರಕ್ತನಾಳಕ್ಕೆ ಏಟು ಬಿದ್ದು ಅದು ನಿಧಾನಕ್ಕೆ ಉಬ್ಬಿ, ಒಂದರಿಂದ ಮೂರು ವಾರದೊಳಗೆ ಒಡೆಯಬಹುದು. ಆಗ ತೊಡೆಯ ಅಥವಾ ಕೈಯ ರಕ್ತನಾಳದಿಂದ ಕೊಳವೆ ಕಳಿಸಿ ಆ ಕವಲನ್ನು ಒಳಗಿನಿಂದಲೇ ಮುಚ್ಚಬೇಕು. ಇಂಥ ಸ್ಥಿತಿ ಬರುವುದು ಸುಮಾರಾಗಿ ನೂರಕ್ಕೊಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಮಂದಿಗೆ. ಆದರೆ ಆ ಒಬ್ಬ ಕಳಸದಾಚೆಯ ಗುಡ್ಡದಲ್ಲಿದ್ದರೆ? ಆ ಸೌಲಭ್ಯ ಇರುವುದು ಮಂಗಳೂರು, ಮಣಿಪಾಲ, ಬೆಂಗಳೂರಿನಂಥ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿ ಬಂದಾದದ್ದು ಯಾರೂ ಮರೆತಿಲ್ಲ.

ಆದರೂ ನಾನು ನನ್ನ ಮಾತಿನಲ್ಲೇ ನಿಲ್ಲುತ್ತೇನೆ. ಕಾರಣ, ಈ ಅಪಾಯಕ್ಕೆ ನಾವು ಮೊದಲೇ ಸಿದ್ಧತೆ ಮಾಡಿಕೊಳ್ಳಬಹುದು. ಸೋಂಕಿಲ್ಲದ, ಮೂತ್ರ ಕಟ್ಟದ ದೊಡ್ಡ ಕಲ್ಲು ನಾಳೆಯೇ ತೆಗೆಯಬೇಕಾದದ್ದಲ್ಲ. ಕುಯ್ಲು ಮುಗಿದು ಮಳೆ ಹಿಡಿಯುವುದರೊಳಗೆ, ಮಾರ್ಚಿನಿಂದ ಮೇ ನಡುವೆ ದಿನ ಗೊತ್ತು ಮಾಡಿಸಿಕೊಳ್ಳಿ. ಬಿಡುಗಡೆಯಾದ ಮೇಲೆ ಹತ್ತು ಹದಿನೈದು ದಿನ ಆ ಊರಲ್ಲೇ, ಅಥವಾ ಉಜಿರೆಯಲ್ಲೋ ಕಾರ್ಕಳದಲ್ಲೋ ನೆಂಟರ ಮನೆಯಲ್ಲಿ ಇರಿ. ಒಂದು ತಿಂಗಳು ಮೂಟೆ ಹೊರಬೇಡಿ, ಬೈಕಿನಲ್ಲಿ ತೋಟದ ದಾರಿ ಹತ್ತಬೇಡಿ. ಮೂತ್ರ ತಿಳಿಗೆಂಪಾದರೆ ನೀರು ಕುಡಿದು ಮಲಗಿ. ಗಟ್ಟಿ ರಕ್ತ ಬಂದರೆ, ಹೆಪ್ಪು ಬಿದ್ದರೆ, ತಲೆ ತಿರುಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಎಲ್ಲಕ್ಕಿಂತ ಮುಖ್ಯ, ಕಲ್ಲು ತೀರಾ ದೊಡ್ಡದಲ್ಲದಿದ್ದರೆ ಮಿನಿ ವಿಧಾನ ಆಗುತ್ತದೆಯೇ ಎಂದು ಕೇಳಿ. ಅದಕ್ಕೆ ಹೊತ್ತು ಹೆಚ್ಚು ಹಿಡಿದರೂ ರಕ್ತನಷ್ಟ ಕಡಿಮೆ. ಭಾವನ ಚಳಿಜ್ವರದ ರಾತ್ರಿಗೆ ಇಂಥ ಯಾವ ಸಿದ್ಧತೆಯೂ ಸಾಧ್ಯವಿರಲಿಲ್ಲ. ಒಡೆದ ಚೂರುಗಳು ಯಾವ ತಿಂಗಳು, ಯಾವ ರಾತ್ರಿ ಇಳಿಯುತ್ತವೆ ಎಂದು ಯಾರಿಗೆ ಗೊತ್ತು? ತಂಗೀ, ನೀವು ಕೇಳಿದ್ದರಿಂದ ನನ್ನ ಸಲಹೆ ತಿದ್ದುಪಡಿಯಾಯಿತು, ಅದಕ್ಕೆ ಕೃತಜ್ಞ. ಈಗಿನ ಸಲಹೆ: ದೊಡ್ಡ ಕಲ್ಲಿಗೆ ಪಿ.ಸಿ.ಎನ್.ಎಲ್., ಬೇಸಿಗೆಯಲ್ಲಿ, ನಂತರದ ಎರಡು ವಾರ ಆಸ್ಪತ್ರೆಗೆ ಹತ್ತಿರ.

ನಾಟಿ ವೈದ್ಯರು ಹೇಳಿದ್ದು: "ಕಾಡುಬಸಳೆ, ಬಾಳೆದಿಂಡಿನ ರಸ, ಹುರುಳಿಕಟ್ಟು ಕೊಟ್ಟು ಎಷ್ಟು ಕಲ್ಲು ಬೀಳಿಸಿದ್ದೇನೆ, ನೀವೇ ಕಂಡಿದ್ದೀರಿ."

ಕಂಡಿದ್ದೇನೆ. ಮೂತ್ರನಾಳಕ್ಕೆ ಇಳಿದ ಐದು ಮಿಲಿಮೀಟರಿನೊಳಗಿನ ಕಲ್ಲುಗಳಲ್ಲಿ ನೂರಕ್ಕೆ ಸುಮಾರು 68 ತಾವಾಗಿಯೇ ಬಿದ್ದುಹೋಗುತ್ತವೆ, ಐದರಿಂದ ಹತ್ತು ಮಿಲಿಮೀಟರಿನವು ನೂರಕ್ಕೆ 47. ರಸದ ಜೊತೆಗೆ ಹೊಟ್ಟೆ ತುಂಬ ನೀರೂ ಹೋಗುವುದರಿಂದ ನಿಮ್ಮ ಮದ್ದು ಕುಡಿದವರಿಗೆ ಒಳ್ಳೆಯದೇ ಆಗಿದೆ. ಯೂರಿಕ್ ಆಮ್ಲದ ಕಲ್ಲುಗಳು ಮೂತ್ರದ ಹುಳಿ ಕಡಿಮೆಯಾದರೆ ಕರಗುತ್ತವೆ ಎಂಬುದೂ ನಿಜ, ಅದಕ್ಕೆ ನಾವೂ ಮದ್ದು ಕೊಡುತ್ತೇವೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಎರಡು ಸೆಂಟಿಮೀಟರಿಗೆ ಬೆಳೆದ ಮೇಲೆ ಯಾವ ರಸಕ್ಕೂ ಕರಗಿದ್ದನ್ನು ನಾನು ಕಂಡಿಲ್ಲ. ನಿಮ್ಮ ಶಾಸ್ತ್ರದ ಸುಶ್ರುತರೇ ಅಶ್ಮರಿಯ ಬಗ್ಗೆ ಹೇಳುವಾಗ, ಹೊಸದಾದ ಕಲ್ಲು ಔಷಧಕ್ಕೆ ಸಾಧ್ಯ, ಬೆಳೆದದ್ದಕ್ಕೆ ಶಸ್ತ್ರವೇ ಬೇಕು ಎಂಬ ಅಭಿಪ್ರಾಯ ಕೊಟ್ಟಿದ್ದಾರೆ. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನೂ, ಅಪಾಯ ದೊಡ್ಡದಾದ್ದರಿಂದ ಅರಸನ ಒಪ್ಪಿಗೆ ಪಡೆದೇ ಕೈಹಾಕಬೇಕೆಂಬುದನ್ನೂ ವಿವರಿಸಿದ್ದಾರೆ. ನಮ್ಮಿಬ್ಬರಿಗೂ ಜಗಳವೇ ಇಲ್ಲ. ಮದ್ದು ಕೊಡುವ ಮೊದಲು ಒಂದು ಸ್ಕ್ಯಾನಿಂಗ್ ಮಾಡಿಸಿ ಅಳತೆ ನೋಡಿ, ದೊಡ್ಡದಿದ್ದರೆ ನನ್ನ ಹತ್ತಿರ ಕಳಿಸಿ. ಸಣ್ಣದಿದ್ದರೆ ನಾನು ನಿಮ್ಮ ರಸಕ್ಕೆ ಅಡ್ಡ ಬರುವುದಿಲ್ಲ. ಬಿಯರು ಕುಡಿದರೆ ಕಲ್ಲು ಜಾರುತ್ತದೆ ಎನ್ನುವ ಹುಡುಗರಿಗೂ ಇದೇ ಉತ್ತರ: ಜಾರುವಂಥದ್ದು ನೀರಿಗೂ ಜಾರುತ್ತದೆ.

ಹಿರಿಯ ಸರ್ಜನ್ ಒಬ್ಬರು, ಹಿಂದಿನ ಹಾಗೆ ಪಕ್ಕೆ ತೆರೆದು ಒಂದೇ ಸಲಕ್ಕೆ ತೆಗೆದುಬಿಡುವುದು ಇವೆಲ್ಲಕ್ಕಿಂತ ಮೇಲು ಎಂದರು. ಅವರ ಕೈಗುಣ ಕಂಡವನು ನಾನು. ಆದರೆ ಆ ಗಾಯದವರು ತಿಂಗಳುಗಟ್ಟಲೆ ದುಡಿಯಲಾರದೆ ಕೂತದ್ದನ್ನೂ ಕಂಡಿದ್ದೇನೆ. ಕಿಡ್ನಿಯ ರಚನೆಯೇ ಬೇರೆಯಾಗಿರುವ ಕೆಲವೇ ಕೆಲವರಿಗೆ ಇಂದಿಗೂ ಅದು ಬೇಕು, ಉಳಿದವರಿಗೆ ಬೇಡ.

ಕಾಫಿಯಿಂದಲೇ ನಮ್ಮ ಜಿಲ್ಲೆಯಲ್ಲಿ ಕಲ್ಲು ಹೆಚ್ಚು ಎಂಬ ಮಾತಿಗೆ ಉತ್ತರ ಚಿಕ್ಕದು. 1996ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ದಿನಕ್ಕೆ ಕುಡಿಯುವ ಪ್ರತಿ 240 ಮಿಲಿ ಕಾಫಿಗೆ ಕಲ್ಲಿನ ಸಂಭವ ನೂರಕ್ಕೆ ಹತ್ತರಷ್ಟು ಕಡಿಮೆಯಿತ್ತು. ಅದೇ ವರ್ಷ ಇಟಲಿಯಿಂದ ಬಂದ ಇನ್ನೊಂದು ಅಧ್ಯಯನದಲ್ಲಿ, ಒಮ್ಮೆ ಕಲ್ಲಾದವರು ಹೆಚ್ಚು ನೀರು ಕುಡಿದಾಗ ಐದು ವರ್ಷದಲ್ಲಿ ಮತ್ತೆ ಕಲ್ಲಾದದ್ದು ನೂರಕ್ಕೆ 12 ಮಂದಿಗೆ, ಮೊದಲಿನಂತೆಯೇ ಇದ್ದವರಲ್ಲಿ ನೂರಕ್ಕೆ 27 ಮಂದಿಗೆ. ಕಾಫಿ ಬಿಡಬೇಡಿ, ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ.

ಇಷ್ಟು ದುಡ್ಡು ಎಲ್ಲಿಂದ ಎಂದವರಿಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಗೋ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೋ ಹೋಗಿ, ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಎಂದು ಬರೆಸಿಕೊಳ್ಳಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯುರಾಲಜಿ ಸಂಸ್ಥೆಯೂ ಇದೆ.

ಕೊನೆಯದಾಗಿ, ಯಾರೂ ಆಕ್ಷೇಪವಾಗಿ ಎತ್ತದ, ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಯಂತ್ರದಲ್ಲಿ ಒಡೆಸಲಿ, ಲೇಸರ್ ಮಾಡಿಸಲಿ, ಪಿ.ಸಿ.ಎನ್.ಎಲ್. ಮಾಡಿಸಲಿ, ಎಷ್ಟೋ ಜನರಿಗೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ಸ್ಟೆಂಟ್ ಹಾಕಿ ಕಳಿಸುತ್ತಾರೆ. ಅದು ಕೆಲವು ವಾರಗಳಿಗೆಂದು ಹಾಕಿದ್ದು. ನೋವು ನಿಂತಿತು, ಗದ್ದೆ ನಾಟಿ ಬಂತು, ಘಾಟಿ ಇಳಿಯುವುದು ಯಾಕೆ ಎಂದು ಜನ ಅದನ್ನು ಮರೆಯುತ್ತಾರೆ. ಮೂರು ತಿಂಗಳು ದಾಟಿದರೆ ಆ ಸ್ಟೆಂಟಿನ ಮೈಗೇ ಕಲ್ಲು ಕಟ್ಟುತ್ತದೆ. ಎರಡು ವರ್ಷ ಮರೆತ ಸ್ಟೆಂಟನ್ನು ತೆಗೆಯಲು ಮೊದಲ ಕಲ್ಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದದ್ದನ್ನು, ಒಂದು ಕಿಡ್ನಿಯನ್ನೇ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ಓದುತ್ತಿರುವವರಲ್ಲಿ, ನಿಮ್ಮ ಮನೆಯಲ್ಲಿ, ನಿಮ್ಮ ಲೈನಿನಲ್ಲಿ ಕಲ್ಲಿನ ಆಪರೇಷನ್ ಆದವರಿದ್ದರೆ ಇವತ್ತೇ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಅದರಲ್ಲಿ ಡಿ.ಜೆ. ಸ್ಟೆಂಟ್ ಎಂದು ಬರೆದಿದ್ದು ತೆಗೆದದ್ದಕ್ಕೆ ದಾಖಲೆ ಇಲ್ಲದಿದ್ದರೆ, ಮಳೆ ಹಿಡಿಯುವ ಮೊದಲು ಅವರನ್ನು ಕರೆದುಕೊಂಡು ಹೋಗಿ ತೆಗೆಸಿಕೊಂಡು ಬನ್ನಿ.